ಪದ ಕಟ್ಟುವ ಆಟ: ಜಾಣ್ಮೆ, ಆರೋಗ್ಯ ಮತ್ತು ತಾಯ್ನುಡಿ

ಶರೀರದ ಆರೋಗ್ಯಕ್ಕೆ ನಡಿಗೆ, ಮಿತಾಹಾರಗಳು ಅವಶ್ಯವೆಂಬುದನ್ನು ಬಲ್ಲವರು ಬುದ್ಧಿಗೂ ನಿತ್ಯದ ದುಡಿಮೆ ಬೇಕೆಂಬುದನ್ನು ಅನೇಕ ವೇಳೆ ಮರೆಯುತ್ತಾರೆ. ತ್ಯಾಗರಾಯನಗರದ ಪಾನಗಲ್ ಉದ್ಯಾನದಲ್ಲಿ ಮುಂಜಾನೆ ತಪ್ಪದೆ ಸುತ್ತು ಹಾಕುವ ಹಿರಿಯರು ಸಂಜೆ ದೂರದರ್ಶನದ ಮುಂದೆ ಸುಮ್ಮನೆ ಕುಳಿತುಬಿಡುವುದುಂಟು. ಅದೇ ಮನೆಯ ಮೊಮ್ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಬೀದಿಯಲ್ಲಿ ತಮಿಳನ್ನೂ ಆಡಿ ಬೆಳೆಯುತ್ತಾರೆ. ಕನ್ನಡವನ್ನು ಕೇಳಿ ತಿಳಿದಾರು, ಓದಲಾರರು. ಈ ಎರಡು ತಲೆಮಾರುಗಳನ್ನು ಒಂದೇ ಮಣೆಯ ಸುತ್ತ ಕೂಡಿಸಬಲ್ಲ ಸುಲಭ ಸಾಧನವೊಂದುಂಟು. ಅದೇ ಪದ ಕಟ್ಟುವ ಆಟ.

ಇವುಗಳಲ್ಲಿ ಲೋಕಪ್ರಸಿದ್ಧವಾದುದು ಸ್ಕ್ರ್ಯಾಬಲ್. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್, ವೃತ್ತಪತ್ರಿಕೆಯ ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುವುದೆಂದು ಎಣಿಸಿ ಈ ಆಟವನ್ನು ರೂಪಿಸಿದನು. 1948ರಲ್ಲಿ ಜೇಮ್ಸ್ ಬ್ರುನೊ ಎಂಬಾತ ಅದಕ್ಕೆ ಇಂದಿನ ಹೆಸರನ್ನಿಟ್ಟನು. ಮಣೆಯಲ್ಲಿ 225 ಮನೆಗಳು, ಚೀಲದಲ್ಲಿ 100 ಬಿಲ್ಲೆಗಳು, ಪ್ರತಿ ಆಟಗಾರನ ಮುಂದೆ 7 ಬಿಲ್ಲೆಗಳು.

ಆಟದ ಮರ್ಮ

ಹೊಸಬರು ಪ್ರತಿ ಸರದಿಯಲ್ಲೂ ಹೆಚ್ಚು ಅಂಕದ ಪದವನ್ನೇ ಹುಡುಕುತ್ತಾರೆ. ಪಳಗಿದವರು ತಮ್ಮಲ್ಲಿ ಉಳಿಯುವ ಬಿಲ್ಲೆಗಳನ್ನೂ ನೋಡುತ್ತಾರೆ. 20 ಅಂಕ ತಂದು ಕೈಯಲ್ಲಿ ಬರಿಯ ಸ್ವರಗಳನ್ನು ಉಳಿಸುವ ಪದಕ್ಕಿಂತ, 16 ಅಂಕ ತಂದು ಸ್ವರವ್ಯಂಜನಗಳ ಸಮತೋಲವನ್ನು ಕಾಯುವ ಪದವೇ ಬಹುಮಟ್ಟಿಗೆ ಲೇಸು. ಏಳೂ ಬಿಲ್ಲೆಗಳನ್ನು ಒಮ್ಮೆಗೇ ಇಟ್ಟವರಿಗೆ 50 ಅಂಕಗಳ ಬಹುಮಾನವುಂಟು. ಆದುದರಿಂದ ಯಾವ ಪದಕ್ಕೂ ಒಗ್ಗುವ 2 ಖಾಲಿ ಬಿಲ್ಲೆಗಳನ್ನೂ ‘ಎಸ್’ ಅಕ್ಷರದ 4 ಬಿಲ್ಲೆಗಳನ್ನೂ ಅಲ್ಪ ಲಾಭಕ್ಕಾಗಿ ವೆಚ್ಚ ಮಾಡಬಾರದು.

ಎರಡನೆಯದು, ಕಿರುಪದಗಳ ಅಭ್ಯಾಸ. ಇಂಗ್ಲಿಷಿನಲ್ಲಿ ಆಟಕ್ಕೆ ಸಲ್ಲುವ ಎರಡಕ್ಷರದ ಪದಗಳು ನೂರಕ್ಕೂ ಮಿಕ್ಕಿವೆ. ಇವು ಕಂಠಸ್ಥವಾದರೆ ಒಂದು ಪದದ ಮಗ್ಗುಲಿಗೇ ಇನ್ನೊಂದನ್ನು ಜೋಡಿಸಿ ಎರಡು ಕಡೆಯ ಅಂಕ ಪಡೆಯಬಹುದು. ಚೀನೀಯರು ಪ್ರಾಣಶಕ್ತಿಗೆ ಹೇಳುವ ‘ಚೀ’ ಎಂಬ ಪದಕ್ಕೆ ‘ಕ್ಯೂ’ ಮತ್ತು ‘ಐ’ ಎಂಬ ಎರಡೇ ಅಕ್ಷರ ಸಾಕು. 10 ಅಂಕದ ‘ಕ್ಯೂ’ ಕೈಯಲ್ಲೇ ಉಳಿಯುವ ಸಂಕಟ ಅದರಿಂದ ತಪ್ಪುತ್ತದೆ. ಅಜ್ಜಿಯ ಅಡಿಗೆಮನೆಯ ಇಡ್ಲಿ, ದೋಸೆ, ರಾಗಿಗಳೂ ಇಂದು ಅಂತರರಾಷ್ಟ್ರೀಯ ಸ್ಪರ್ಧೆಗಳ ಪದಪಟ್ಟಿಯಲ್ಲಿವೆ!

ಮೂರನೆಯದು, ಎಚ್ಚರ. ಪದದ ಅಂಕವನ್ನು ಮೂರು ಪಟ್ಟು ಮಾಡುವ 8 ಮನೆಗಳು ಮಣೆಯ ಅಂಚಿನಲ್ಲಿವೆ. ಎದುರಾಳಿಗೆ ಅವುಗಳ ದಾರಿಯನ್ನು ತೆರೆದುಕೊಡಬಾರದು. ಯಾವ ಬಿಲ್ಲೆಗಳು ಬಂದುಹೋದವೆಂದು ಲೆಕ್ಕವಿಟ್ಟವನಿಗೆ ಕೊನೆಯ ಸರದಿಗಳು ಸುಲಭವಾಗುತ್ತವೆ.

ವೈದ್ಯರು ಕಂಡದ್ದು

75 ವರ್ಷ ಮೀರಿದ 469 ಮಂದಿಯನ್ನು ಕುರಿತು ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಓದು, ವಾದ್ಯವಾದನ, ನೃತ್ಯಗಳಂತೆ ಮಣೆಯಾಟಗಳನ್ನೂ ರೂಢಿಸಿಕೊಂಡವರಲ್ಲಿ ಮರೆವಿನ ರೋಗ ಕಡಿಮೆಯಾಗಿ ಕಂಡುಬಂದಿತು. ಆಟವೇ ಔಷಧವೆಂದು ಇದರಿಂದ ಸಿದ್ಧವಾಗದು. ಬುದ್ಧಿ ಚುರುಕಾಗಿದ್ದವರೇ ಆಟವನ್ನು ಮುಂದುವರಿಸಿರಲೂಬಹುದು. ಆದರೂ ಆಡುವುದರಿಂದ ನಷ್ಟವಂತೂ ಇಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರಾಯಿತು.

ಹೊರನಾಡ ಕನ್ನಡಿಗರಿಗೆ ಇನ್ನೂ ಹತ್ತಿರದ್ದು ಹೈದರಾಬಾದಿನ ಅಧ್ಯಯನ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದಂತೆ, ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವವರಲ್ಲಿ ಮರೆವಿನ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಅಕ್ಷರ ಕಲಿಯದವರಲ್ಲೂ ಈ ಅಂತರ ಕಂಡಿತು. ಹಾಗಿರುವಾಗ ಮನೆಯಲ್ಲಿರುವ ಭಾಷೆಯೊಂದನ್ನು ಕೈಬಿಡುವುದು ಜಾಣತನವಲ್ಲ.

ಕನ್ನಡದ ಮಣೆ

ಕನ್ನಡ ಬಿಲ್ಲೆಗಳನ್ನು ದಪ್ಪ ರಟ್ಟಿನಿಂದ ಮನೆಯಲ್ಲೇ ಮಾಡಿಕೊಳ್ಳಬಹುದು. ಬಟ್ಸ್ ಮಾಡಿದಂತೆ ಮಕ್ಕಳೇ ಕನ್ನಡ ಪತ್ರಿಕೆಯ ಒಂದು ಪುಟದ ಅಕ್ಷರಗಳನ್ನು ಎಣಿಸಲಿ. ಹೆಚ್ಚು ಬರುವ ಅಕ್ಷರಕ್ಕೆ ಹೆಚ್ಚು ಬಿಲ್ಲೆ, ಕಡಿಮೆ ಅಂಕ. ಆ ಎಣಿಕೆಯೇ ಓದಿನ ಮೊದಲ ಪಾಠ. ವ್ಯಂಜನದ ಬಿಲ್ಲೆಗೆ ಯಾವ ಗುಣಿತವಾದರೂ, ಒತ್ತಾದರೂ ಸಲ್ಲುವುದೆಂದು ನಿಯಮವಿಟ್ಟರೆ ‘ಮ’, ‘ರ’ ಎಂಬ ಎರಡೇ ಬಿಲ್ಲೆಗಳಿಂದ ಮರ, ಮರಿ, ಮೂರು, ಮೊರೆ, ಮೋರೆ, ಮೇರೆ ಎಲ್ಲವೂ ಆಗುತ್ತವೆ. ‘ಮರ’ದ ಮುಂದೆ ಒಂದೊಂದೇ ಬಿಲ್ಲೆ ಸೇರಿಸಿದರೆ ಅಮರ, ಸಮರ, ಚಾಮರ, ಪಾಮರ, ಹಿಂದೆ ಸೇರಿಸಿದರೆ ಮರಳು, ಮರಣ. ಇಂತಹ ಕೊಂಡಿಗಳನ್ನು ಬಲ್ಲವನೇ ಗೆಲ್ಲುವನು. ಇಲ್ಲಿ ಅಜ್ಜನ ಪದಭಂಡಾರಕ್ಕೆ ಮೊಮ್ಮಗನ ಚುರುಕುಗಣ್ಣು ಸಮಜೋಡಿ.

ವಾದ ಬಂದರೆ ತೀರ್ಪಿಗೆ ನಿಘಂಟುಂಟು. 1894ರ ಕಿಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ್ದೂ, ಅದು ಪ್ರಕಟವಾದದ್ದೂ ಇದೇ ನಗರದ ಮದರಾಸು ವಿಶ್ವವಿದ್ಯಾನಿಲಯದಿಂದಲೇ ಎಂಬುದು ಇಲ್ಲಿನ ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಮಾತನಾಡಲು ಬಾರದೆಯೇ, ಪದಪಟ್ಟಿಯನ್ನು ಬಾಯಿಪಾಠ ಮಾಡಿ ಫ್ರೆಂಚ್ ಸ್ಕ್ರ್ಯಾಬಲ್ ಪ್ರಶಸ್ತಿಯನ್ನು ಗೆದ್ದನು. ಅರ್ಥ ತಿಳಿಯದೆಯೂ ಆಟ ಗೆಲ್ಲಬಹುದೆಂಬುದಕ್ಕೆ ಇದು ಸಾಕ್ಷಿ. ಮನೆಯ ಮಣೆಯಲ್ಲಾದರೋ ಇಟ್ಟ ಪದದ ಅರ್ಥವನ್ನು ಹೇಳಿದ ಬಳಿಕವೇ ಅಂಕವೆಂಬ ಕಟ್ಟಳೆ ಇರಲಿ. ಮಗು ಕೇಳಬೇಕು, ಹಿರಿಯರು ನೆನೆದು ಹೇಳಬೇಕು. ಸೋತವರಿಗೂ ಆ ಸಂಜೆ ಒಂದು ಪದ ಉಳಿದಿರುತ್ತದೆ.