ನೋಡದ ಬ್ಯಾಂಡು, ಬಿಡದ ಕ್ಯಾಸೆಟ್ಟು

ನಾನು ಅಮೆರಿಕಕ್ಕೆ ಬಂದದ್ದು 1996ರಲ್ಲಿ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ಎರಡು ಕ್ಯಾಸೆಟ್ ಕೈಗಿತ್ತು "ಕೇಳಿ ನೋಡು" ಅಂದರು. ಅವುಗಳ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದದ್ದು ಇಷ್ಟೇ: 5/8/77. ಊರಿಂದ ಹೊಸದಾಗಿ ಬಂದವನಲ್ಲವೇ, ಆಗಸ್ಟ್ 5 ಎಂದೇ ಓದಿಕೊಂಡೆ! ಅದು ಮೇ 8 ಎಂದು ತಿಳಿಯುವ ಹೊತ್ತಿಗೆ ನನಗೆ 'ಗ್ರೇಟ್‌ಫುಲ್ ಡೆಡ್' ಹುಚ್ಚು ಹಿಡಿದಾಗಿತ್ತು.

ಆದರೇನು, ಬ್ಯಾಂಡಿನ ಜೀವಾಳವಾಗಿದ್ದ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರ ಆಗಸ್ಟ್‌ನಲ್ಲೇ ತೀರಿಕೊಂಡಿದ್ದರು. ಅಲ್ಲಿಗೆ ಬ್ಯಾಂಡೂ ಮುಗಿದಿತ್ತು. ಒಂದೇ ಒಂದು ಕಚೇರಿಯನ್ನೂ ಕಣ್ಣಾರೆ ನೋಡದ ಅಭಿಮಾನಿ ನಾನು!

1965ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸೀಮೆಯಲ್ಲಿ ಹುಟ್ಟಿದ ಈ ಬ್ಯಾಂಡ್ ಮೂವತ್ತು ವರ್ಷದಲ್ಲಿ ಸುಮಾರು 2,300 ಕಚೇರಿ ಕೊಟ್ಟಿತು. ಇವತ್ತು ನುಡಿಸಿದಂತೆ ನಾಳೆ ನುಡಿಸುವವರಲ್ಲ. ನಾವು ಮನೋಧರ್ಮ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದನ್ನೇ ಇವರು 'ಜಾಮ್' ಅನ್ನುತ್ತಾರೆ. ಕೇಳಲು ಬಂದವರು ಮೈಕು ತಂದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಅವರನ್ನು ಓಡಿಸುವ ಬದಲು ಬ್ಯಾಂಡಿನವರು 1984ರಲ್ಲಿ ಅವರಿಗೆಂದೇ ಬೇರೆ ಜಾಗ ಮಾಡಿಕೊಟ್ಟರು. ಹಂಚಿಕೊಳ್ಳಿ, ಮಾರಬೇಡಿ ಎಂಬುದೇ ಕಟ್ಟುಪಾಡು. ಖಾಲಿ ಕ್ಯಾಸೆಟ್ಟು ಮತ್ತು ವಾಪಸು ಅಂಚೆಯ ಖರ್ಚು ಕಳಿಸಿದರೆ ಸಾಕು, ಗುರುತು ಪರಿಚಯ ಇಲ್ಲದವರೂ ಕಾಪಿ ಮಾಡಿ ಕಳಿಸುತ್ತಿದ್ದರು. ಹಾಗೆ ನನ್ನ ಕೈಸೇರಿದವುಗಳಲ್ಲಿ ಅಚ್ಚುಮೆಚ್ಚಿನ ನಾಲ್ಕು ಇಲ್ಲಿವೆ.

ಫೆಬ್ರವರಿ 27, 1969, ಸ್ಯಾನ್‌ಫ್ರಾನ್ಸಿಸ್ಕೋ: 'ಡಾರ್ಕ್ ಸ್ಟಾರ್' ಹಾಡಿನ 23 ನಿಮಿಷಗಳು. 'ಲೈವ್/ಡೆಡ್' ಆಲ್ಬಮಿನಲ್ಲಿರುವುದು ಇದೇ. ಅದೇ ಆಲ್ಬಮಿನಲ್ಲಿ ಬೇರೊಂದು ದಿನದ 'ದಿ ಇಲೆವೆನ್' ಇದೆ. ಹೆಸರಿಗೆ ತಕ್ಕಂತೆ 11 ಎಣಿಕೆ! ತೊಡೆ ತಟ್ಟಿ ತಾಳ ಹಾಕಿ ನೋಡಿ. ಇವರ ಡ್ರಮ್ಮರ್ ಮಿಕಿ ಹಾರ್ಟ್, ತಬಲಾದ ಅಲ್ಲಾ ರಖಾ ಅವರಿಂದ ಲಯದ ಪಾಠ ಕಲಿತವರು.

ಆಗಸ್ಟ್ 27, 1972, ವೆನೆಟಾ, ಆರೆಗಾನ್: ಕಷ್ಟದಲ್ಲಿದ್ದ ಒಂದು ಡೈರಿಯ ಸಹಾಯಾರ್ಥ ಕಚೇರಿ. ಟಿಕೆಟ್ಟುಗಳನ್ನು ಅಚ್ಚು ಹಾಕಿದ್ದು ಆ ಡೈರಿಯ ಮೊಸರಿನ ಲೇಬಲ್ಲುಗಳ ಮೇಲೆ! ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲಿಗೆ ವಾದ್ಯಗಳ ಶ್ರುತಿ ಪದೇ ಪದೇ ಇಳಿಯುತ್ತಿತ್ತು. ಆದರೂ ಅರ್ಧ ಗಂಟೆಯ 'ಡಾರ್ಕ್ ಸ್ಟಾರ್' ನುಡಿಸಿದರು. ಡೈರಿ ಉಳಿಯಿತು. ಮೊಸರನ್ನದ ನಾಡಿನವನಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ? ಇದರ ಧ್ವನಿ, ಚಿತ್ರ ಎರಡೂ 2013ರಲ್ಲಿ 'ಸನ್‌ಶೈನ್ ಡೇಡ್ರೀಮ್' ಹೆಸರಿನಲ್ಲಿ ಬಂದಿವೆ.

ಮೇ 8, 1977, ಕಾರ್ನೆಲ್ ವಿಶ್ವವಿದ್ಯಾಲಯ: ನನ್ನ ಮೊದಲ ಕ್ಯಾಸೆಟ್. ಮೇ ತಿಂಗಳಾದರೂ ಹೊರಗೆ ಹಿಮ. ಒಳಗೆ 'ಸ್ಕಾರ್ಲೆಟ್ ಬಿಗೋನಿಯಾಸ್' ನಿಲ್ಲದೆ ಹಾಗೇ 'ಫೈರ್ ಆನ್ ದಿ ಮೌಂಟನ್' ಆಗುತ್ತದೆ, ಎಲ್ಲಿ ಆಯಿತು ಎಂದು ಗೊತ್ತೇ ಆಗುವುದಿಲ್ಲ. ಕೊನೆಯ ಹೊತ್ತಿಗೆ 'ಮಾರ್ನಿಂಗ್ ಡ್ಯೂ'. ಅಣುಯುದ್ಧದ ನಂತರ ಉಳಿದವರ ಹಾಡು ಅದು. ಗಾರ್ಸಿಯಾ ಗಿಟಾರ್ ಏರುತ್ತಾ ಹೋದಂತೆ ಗಂಟಲು ಕಟ್ಟುತ್ತದೆ. ಇದನ್ನು ರೆಕಾರ್ಡ್ ಮಾಡಿದವರು ಬೆಟ್ಟಿ ಕ್ಯಾಂಟರ್-ಜಾಕ್ಸನ್. ಸ್ಟೋರೇಜ್ ಬಾಡಿಗೆ ಕಟ್ಟಲಾಗದೆ ಅವರ ನೂರಾರು ಟೇಪುಗಳು 1986ರಲ್ಲಿ ಹರಾಜಾದವು. ಕೊಂಡವರಲ್ಲಿ ಕೆಲವು ಬೂಷ್ಟು ಹಿಡಿದು ಬಿದ್ದಿದ್ದವು. ಅಭಿಮಾನಿಗಳು ವರ್ಷಗಟ್ಟಲೆ ಕೂತು ಒರೆಸಿ, ಸರಿಪಡಿಸಿ ಉಳಿಸಿದರು. ಲೈಬ್ರರಿ ಆಫ್ ಕಾಂಗ್ರೆಸ್ ಈ ಕಚೇರಿಯ ಧ್ವನಿಮುದ್ರಣವನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸಿದೆ. ಅಧಿಕೃತ ಆಲ್ಬಂ ಬರಲು ಮಾತ್ರ 2017 ಆಗಬೇಕಾಯಿತು!

ಮಾರ್ಚ್ 29, 1990, ಲಾಂಗ್ ಐಲೆಂಡ್: ಜಾಝ್ ಸ್ಯಾಕ್ಸೋಫೋನ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅತಿಥಿ. ರಿಹರ್ಸಲ್ ಇಲ್ಲದೆ ಸೀದಾ ವೇದಿಕೆಗೆ! 'ಐಸ್ ಆಫ್ ದಿ ವರ್ಲ್ಡ್' ಕೇಳಿದರೆ ನಮ್ಮ ಜುಗಲ್‌ಬಂದಿ ನೆನಪಾಗುತ್ತದೆ.

ಇವತ್ತು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಈ ಬ್ಯಾಂಡಿನ ಸಾವಿರಾರು ರೆಕಾರ್ಡಿಂಗುಗಳನ್ನು ಪುಕ್ಕಟೆಯಾಗಿ ಕೇಳಬಹುದು. ಆದರೂ ಆ ಎರಡು ಕ್ಯಾಸೆಟ್ಟು ನನ್ನ ಗರಾಜಿನ ಡಬ್ಬದಲ್ಲಿವೆ. ಎಸೆಯಿರಿ ಅಂತ ಮನೆಯವಳು ಹೇಳಿ ಹೇಳಿ ಸಾಕಾಗಿದ್ದಾಳೆ.

ಎಸೆಯದಿರಲು ಕಾರಣವಿದೆ. ನಮ್ಮೂರ ಮನೆಯಲ್ಲೂ ಟೇಪ್‌ರೆಕಾರ್ಡರ್ ಇತ್ತು. ಅದರ ತುಂಬ ಸಿನಿಮಾ ಹಾಡು ತುಂಬಿಸಿದೆವೇ ಹೊರತು, ಗೌರಿ ಹಬ್ಬದ ದಿನ ಅಮ್ಮ ಹಾಡುತ್ತಿದ್ದ ಆರತಿ ಹಾಡನ್ನು ಹಿಡಿದಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅಮ್ಮ ಈಗಿಲ್ಲ. ಹಾಡಿನ ಮೊದಲ ಸಾಲಷ್ಟೇ ನನಗೆ ಬರುತ್ತದೆ. ಮುಂದಿನದು ತಂಗಿಗೂ ಬರುವುದಿಲ್ಲ. ನಾನು ನೋಡೇ ಇಲ್ಲದ ಗಾರ್ಸಿಯಾನ ಒಂದೊಂದು ಸ್ವರವೂ ನನ್ನ ಬಳಿ ಇದೆ, ಅಮ್ಮನ ಹಾಡು ಇಲ್ಲ.

ಈ ಬೇಸಿಗೆಗೆ ನಿಮ್ಮ ಅಪ್ಪ ಅಮ್ಮ ಇಲ್ಲಿಗೆ ಬಂದರೆ, ಊಟವಾದ ಮೇಲೆ ಒಂದು ಹಾಡು ಹೇಳಿಸಿ. ಫೋನಿನಲ್ಲಿ ರೆಕಾರ್ಡ್ ಒತ್ತಿ. ಶ್ರುತಿ ತಪ್ಪಿದರೂ ಪರವಾಗಿಲ್ಲ, ಕುಕ್ಕರ್ ಕೂಗಿದರೂ ಇರಲಿ. ದಿನಾಂಕ ಬರೆದಿಡುವುದನ್ನು ಮರೆಯಬೇಡಿ... ತಿಂಗಳನ್ನು ದಯವಿಟ್ಟು ಅಕ್ಷರದಲ್ಲೇ ಬರೆಯಿರಿ!