ಅನುಕೃತ ವಾಸ್ತವ: ಮಗುವಿಗೆ ಹೇಳುವ ಬಗೆ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಅಕ್ಕನ ಆರು ವರ್ಷದ ಮೊಮ್ಮಗ ಮೊಬೈಲಿನಲ್ಲಿ ಕಾರು ಓಡಿಸುವ ಆಟವಾಡುತ್ತಿದ್ದವನು ತಟ್ಟನೆ ತಲೆಯೆತ್ತಿ, “ಅಜ್ಜಾ, ನಾವೂ ಯಾರದರೆ ಮೊಬೈಲ್‌ದಾಗ ಅದೀವೇನು?” ಎಂದು ಕೇಳಿದ. ನಾನು ನಕ್ಕು ಸುಮ್ಮನಾದೆ. ರಾತ್ರಿ ಅವನು ತಾಯಿಯ ಸೆರಗು ಬಿಡದೆ ಮಲಗಿದ್ದನ್ನು ಕಂಡಾಗ, ಆ ನಗು ಉತ್ತರವಾಗಿರಲಿಲ್ಲವೆಂದು ತಿಳಿಯಿತು. ನಾಳೆ ಶಿಕ್ಷಕರಾಗಲಿರುವ ನಿಮಗೂ ಇಂಥ ಪ್ರಶ್ನೆ ಎದುರಾಗಬಹುದು.

ಪ್ರಶ್ನೆ ಹೊಸದಲ್ಲ. ಸಮರ್ಥ ವಂಚಕನೊಬ್ಬ ನಮ್ಮ ಇಂದ್ರಿಯಗಳನ್ನೆಲ್ಲ ಮೋಸಗೊಳಿಸುತ್ತಿದ್ದರೆ ಹೇಗೆ ಎಂದು ಫ್ರಾನ್ಸಿನ ದೆಕಾರ್ತ್ 1641ರಲ್ಲೇ ಶಂಕಿಸಿದ್ದನು. 2003ರಲ್ಲಿ ನಿಕ್ ಬೋಸ್ಟ್ರಮ್ ಎಂಬ ತತ್ತ್ವಜ್ಞರು ಈ ಶಂಕೆಗೆ ಗಣಕಯಂತ್ರದ ಯುಗಕ್ಕೆ ಒಪ್ಪುವ ರೂಪ ಕೊಟ್ಟರು. ಅವರ ಪ್ರಕಾರ ಮೂರರಲ್ಲಿ ಒಂದಾದರೂ ನಿಜವಿರಬೇಕು: ಜಗತ್ತನ್ನೇ ಅನುಕರಿಸುವ ಶಕ್ತಿ ಪಡೆಯುವ ಮೊದಲೇ ನಾಗರಿಕತೆಗಳು ಬಹುಮಟ್ಟಿಗೆ ಅಳಿಯುತ್ತವೆ, ಶಕ್ತಿ ಪಡೆದವರು ಅಂಥ ಅನುಕರಣೆಗೆ ಕೈಹಾಕುವುದಿಲ್ಲ, ಇಲ್ಲವೇ ನಾವು ಬಹುತೇಕ ಖಚಿತವಾಗಿ ಅಂಥ ಅನುಕರಣೆಯೊಳಗೇ ಇದ್ದೇವೆ. ಮೂರನೆಯದೇ ನಿಜವೆಂದು ಅವರು ಸಾಧಿಸಿಲ್ಲ. ಈ ಭೇದವನ್ನು ಮರೆತವರೇ ಮಕ್ಕಳನ್ನು ಹೆದರಿಸುತ್ತಾರೆ.

ಹಗ್ಗ-ಹಾವಿನ ದೃಷ್ಟಾಂತ ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ. ದೀಪ ತಂದರೆ ಹಾವಿನ ಭ್ರಮೆ ಹರಿಯುತ್ತದೆ; ಅನುಕೃತ ಜಗತ್ತಿನಲ್ಲಾದರೋ ದೀಪವೂ ಆ ಜಗತ್ತಿನದೇ.

ಗಡಿಯ ಮಕ್ಕಳಿಗೆ ಹೇಳುವಾಗ ಪದದ ಬಗೆಗೂ ಎಚ್ಚರ ಬೇಕು. ಮರಾಠಿಯಲ್ಲಿ ‘ಆಭಾಸ’ವೆಂದರೆ ಇಲ್ಲದ್ದು ಇದ್ದಂತೆ ತೋರುವುದು, ವರ್ಚುವಲ್ ಎಂಬುದನ್ನು ಅಲ್ಲಿ ‘ಆಭಾಸೀ’ ಎನ್ನುತ್ತಾರೆ. ಕನ್ನಡದ ಆಡುಬಳಕೆಯಲ್ಲಿ ಅದೇ ಪದ ಅಸಂಗತ, ನಗೆಗೀಡಾದುದು ಎಂಬರ್ಥಕ್ಕೆ ವಾಲಿದೆ. ನೀವು ಅಲಂಕಾರಶಾಸ್ತ್ರದಲ್ಲಿ ಓದುವ ‘ವಿರೋಧಾಭಾಸ’ದಲ್ಲಿ ‘ತೋರಿಕೆ’ ಎಂಬ ಅರ್ಥ ಉಳಿದಿದೆ. ಮಗುವಿಗೆ ‘ತೋರಿಕೆಯ ಜಗತ್ತು’ ಎಂದರೆ ಸಾಕು.

ಇನ್ನು ವಿವರಣೆ. ಮರುದಿನ ನಾನು ಅವನ ಆಟವನ್ನೇ ಮುಂದಿಟ್ಟುಕೊಂಡೆ. “ಈ ಕಾರಿನ ಡ್ರೈವರನಿಗೆ ವಿಚಾರ ಮಾಡಲು ಬಂದರೆ ಅವನಿಗೆ ಏನು ಕಾಣುತ್ತದೆ?” ಎಂದೆ. “ರಸ್ತೆ.” “ಮೊಬೈಲ್ ಕಾಣುತ್ತದೆಯೇ?” ತುಸು ಯೋಚಿಸಿ, ಇಲ್ಲವೆಂದ. ಇಡೀ ಸಿದ್ಧಾಂತದ ತಿರುಳು ಅಷ್ಟೇ: ಒಳಗಿನವನಿಗೆ ಹೊರಗು ಕಾಣದು. ವಿಮಾನ ಚಾಲಕರು ನೆಲದ ಮೇಲೆ ಇಂಥದೇ ತೋರಿಕೆಯ ಯಂತ್ರದಲ್ಲಿ ಕುಳಿತು ಹಾರಾಟ ಕಲಿಯುತ್ತಾರೆ. ವಿಮಾನ ತೋರಿಕೆಯದು, ಕಲಿತ ವಿದ್ಯೆ ನಿಜವಾದದ್ದು ಎಂದೂ ಹೇಳಿದೆ.

ನಾವೂ ಹಾಗೆ ಇದ್ದೇವೆಯೇ? ಹಾಗೆನ್ನಲು ಯಾವ ಗುರುತೂ ಸಿಕ್ಕಿಲ್ಲ, ದೊಡ್ಡವರಿಗೂ ಪೂರ್ತಿ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಮಾರ್ಗ. ಆದರೆ ಮಾತನ್ನು ಅಲ್ಲಿಗೇ ಬಿಡಬಾರದು. ಆಟದ ಡ್ರೈವರನಿಗೆ ಹಸಿವಿಲ್ಲ, ಬಿದ್ದರೆ ನೋವಿಲ್ಲ. ನಮಗೆ ಎರಡೂ ಉಂಟು. ಜಗತ್ತು ಯಾವುದರಿಂದಲೇ ಆಗಿರಲಿ, ಅನುಭವಿಸಿದ ನೋವೂ ಪಡೆದ ಪ್ರೀತಿಯೂ ಸುಳ್ಳಾಗುವುದಿಲ್ಲ.

ಹುಡುಗ ಎಲ್ಲವನ್ನೂ ಕೇಳಿ, “ಹಂಗಾದ್ರ ನಮ್ಮವ್ವ ಖರೇನ ಅದಾಳಲ್ಲ?” ಎಂದ. ಅವನಿಗೆ ಬೇಕಾಗಿದ್ದ ಉತ್ತರ ಅದೊಂದೇ. “ಖರೇನ ಅದಾಳ, ನೀನೂ ಖರೇನ ಅದೀ” ಎಂದೆ. ಆ ರಾತ್ರಿ ಸೆರಗು ಹಿಡಿಯದೆ ಮಲಗಿದ.