ಭಾನುವಾರದ ಇನ್ನೊಂದು ಶಾಲೆ

ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ತುಮಕೂರು ಒಂದು ಜಿಲ್ಲೆಯಲ್ಲ, ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಬೇರೆ ಮಾಡಿದ್ದಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಈ ಹೆಸರು ಪತ್ರಿಕೆಯಲ್ಲಿ ಕಾಣುತ್ತದೆ. ಆದರೆ ಇಲಾಖೆಯ ಯಾವ ಪಟ್ಟಿಗೂ ಸೇರದ ಒಂದು ಶಾಲೆಯೂ ಇಲ್ಲಿದೆ. ಅದು ತೆರೆಯುವುದು ಭಾನುವಾರ ಮಾತ್ರ. ಬಲಿಪೂಜೆ ಎಂದು ಕರೆಯುವ ಚರ್ಚಿನ ಆರಾಧನೆಗೆ ಮುಂಚೆಯೋ ಆಮೇಲೋ ಒಂದು ತಾಸು, ಚರ್ಚಿನ ಹಿಂದಿನ ಕೋಣೆಯಲ್ಲಿ ಅಥವಾ ಆವರಣದ ಮರದ ನೆರಳಿನಲ್ಲಿ ನಡೆಯುತ್ತದೆ. ಕಲಿಸುವವರಿಗೆ ಸಂಬಳವಿಲ್ಲ. ಕಲಿತವರಿಗೆ ಸಿಗುವ ಅಂಕ ಯಾವ ಕಾಲೇಜಿನ ಸೀಟಿಗೂ ಬಾರದು. ಕ್ಯಾಥೊಲಿಕರು ಇದನ್ನು ಧರ್ಮೋಪದೇಶ ಎನ್ನುತ್ತಾರೆ, ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಮತ್ತಿತರ ಸಭೆಗಳವರು ಸಂಡೇ ಸ್ಕೂಲ್ ಎನ್ನುತ್ತಾರೆ.

ಈ ಸೀಮೆಯಲ್ಲಿ ಕ್ರೈಸ್ತರು ಕಡಿಮೆ. ಪೇಟೆಯಲ್ಲಿ ಒಂದಿಷ್ಟು ಮನೆ, ಹತ್ತಾರು ಮೈಲಿ ಆಚೆಯ ಹಳ್ಳಿಯಲ್ಲಿ ನಾಲ್ಕೈದು ಮನೆ, ವರ್ಗವಾಗಿ ಬಂದ ನೌಕರರ ಒಂದೆರಡು ಕುಟುಂಬ. ಕ್ಯಾಥೊಲಿಕ್ ಧರ್ಮಸಭೆಯ ವ್ಯವಸ್ಥೆಯಲ್ಲಿ ತುಮಕೂರು ಜಿಲ್ಲೆ ಪೂರ್ತಿ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ. ಸಿ.ಎಸ್.ಐ. ಸಭೆಗಳು ಬೆಂಗಳೂರಿನಲ್ಲೇ ಕೇಂದ್ರವಿರುವ ಕರ್ನಾಟಕ ಮಧ್ಯ ಡಯಾಸಿಸ್‌ಗೆ ಸೇರಿವೆ. ಬೆಂಗಳೂರಿನ ಒಂದು ಧರ್ಮಕೇಂದ್ರ, ಅಂದರೆ ಒಂದು ಚರ್ಚಿನ ವ್ಯಾಪ್ತಿ, ಕೆಲವು ಬೀದಿಗಳ ವಿಸ್ತಾರ. ಇಲ್ಲಿ ಒಬ್ಬ ಗುರುಗಳ ಪಾಲಿಗೆ ಬರುವ ಮನೆಗಳ ನಡುವೆ ಬಸ್ ಪ್ರಯಾಣವಿರುತ್ತದೆ. ಪಾವಗಡವಂತೂ ಆಂಧ್ರದೊಳಗೆ ಚಾಚಿಕೊಂಡ ತಾಲ್ಲೂಕು. ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 100 ಕಿಲೋಮೀಟರ್. ಇಂಥ ಕಡೆ ಮಕ್ಕಳ ಧರ್ಮಶಿಕ್ಷಣ ಗುರುಗಳೊಬ್ಬರ ಕೈಯಲ್ಲಿ ನಡೆಯುವುದಲ್ಲ. ಅದು ನಿಂತಿರುವುದು ಉಪದೇಶಿಗಳ ಮೇಲೆ: ಒಬ್ಬ ಸಿಸ್ಟರ್, ನಿವೃತ್ತ ಶಿಕ್ಷಕಿ, ವಾರದ ಆರು ದಿನ ಬೇರೆ ಕೆಲಸ ಮಾಡಿ ಏಳನೆಯ ದಿನ ಮಕ್ಕಳೆದುರು ಕೂರುವ ಯುವಕ.

ಶಾಲೆಯಲ್ಲೇ ಇದನ್ನು ಯಾಕೆ ಕಲಿಸಬಾರದು ಎಂದು ಕೇಳುವವರಿದ್ದಾರೆ. ಸಂವಿಧಾನದ 28ನೆಯ ವಿಧಿ ಇದಕ್ಕೆ ಸ್ಪಷ್ಟ ಗೆರೆ ಎಳೆದಿದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಅದಕ್ಕೆ ಕೂರಿಸುವಂತಿಲ್ಲ. ಒಳ್ಳೆಯ ಗೆರೆ ಅದು. ಧರ್ಮೋಪದೇಶದ ತರಗತಿಗೆ ಬರುವ ಮಕ್ಕಳು ಆ ಧರ್ಮಕೇಂದ್ರದ ಕುಟುಂಬಗಳವರು. ಕರೆತರುವವರು ಅಪ್ಪ ಅಮ್ಮ. 1983ರ ಧರ್ಮಸಭಾ ಕಾನೂನು ಕೂಡ ಮಕ್ಕಳಿಗೆ ವಿಶ್ವಾಸವನ್ನು ಕಲಿಸುವ ಮೊದಲ ಹೊಣೆ ತಂದೆತಾಯಿಯದು ಎಂದೇ ಹೇಳುತ್ತದೆ. ಗುರುಗಳು, ಉಪದೇಶಿಗಳು ಆ ಹೊಣೆಗೆ ಹೆಗಲು ಕೊಡುವವರು.

ಉಪದೇಶಿಯ ಕೆಲಸ ಈ ನಾಡಿಗೆ ಹೊಸದಲ್ಲ. 1542ರಲ್ಲಿ ಗೋವಾಕ್ಕೆ ಬಂದ ಫ್ರಾನ್ಸಿಸ್ ಕ್ಸೇವಿಯರ್ ಬೀದಿಯಲ್ಲಿ ಗಂಟೆ ಬಾರಿಸುತ್ತ ಹೋಗಿ ಮಕ್ಕಳನ್ನೂ ಗುಲಾಮರನ್ನೂ ಕೂಡಿಸುತ್ತಿದ್ದರು, ಪಾಠವನ್ನು ಹಾಡಾಗಿಸಿ ಕಲಿಸುತ್ತಿದ್ದರು. 1648ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು. ಅಂದರೆ ಕನ್ನಡದಲ್ಲಿ ಕ್ರೈಸ್ತ ಧರ್ಮಶಿಕ್ಷಣಕ್ಕೆ ಮುನ್ನೂರೈವತ್ತು ವರ್ಷ ಮೀರಿದ ಇತಿಹಾಸವಿದೆ. ಪ್ರಾಟೆಸ್ಟೆಂಟ್ ಕಡೆಯಿಂದ ಬಂದ ಹೊಳೆ ಇನ್ನೂ ಹತ್ತಿರದಲ್ಲಿ ಹರಿಯಿತು. ಶಿರಾದ ಪಕ್ಕದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ 1837ರಲ್ಲೇ ನೆಲೆಯೂರಿತು. ಅಲ್ಲಿ ದುಡಿದ ಥಾಮಸ್ ಹಾಡ್ಸನ್ ಆ ಸೀಮೆಯ ಡೇನಿಯಲ್ ಎಂಬ ಹಿರಿಯ ವಿಶ್ವಾಸಿಯ ಬದುಕನ್ನೇ ಒಂದು ಪುಸ್ತಕ ಮಾಡಿದರು. ಇಂಗ್ಲಿಷ್ ಮಿಷನರಿಯ ಹೆಸರಿನ ಜೊತೆ ಊರಿನ ಸಾಮಾನ್ಯ ಮನುಷ್ಯನ ಹೆಸರೂ ಹೀಗೆ ಉಳಿದುಕೊಂಡದ್ದು ನನಗೆ ಬಹಳ ದೊಡ್ಡ ಸಂಗತಿ.

ಸಂಡೇ ಸ್ಕೂಲಿನ ಮೂಲವನ್ನೂ ಇಲ್ಲಿ ನೆನೆಯಬೇಕು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಅದನ್ನು ತೆರೆದದ್ದು ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ಓದು ಬರಹ ಕಲಿಸಲು. ಬೈಬಲ್ ಅಲ್ಲಿ ಓದುವ ಪುಸ್ತಕವೂ ಆಗಿತ್ತು. ಭಾರತದ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿದ್ದು 1876ರಲ್ಲಿ. ಅದೇ ವರ್ಷ ಮೈಸೂರು ಸೀಮೆಗೆ ಧಾತು ಈಶ್ವರ ಸಂವತ್ಸರಗಳ ಆ ಭಯಂಕರ ಬರ ಕಾಲಿಟ್ಟಿತು. ತಬ್ಬಲಿಯಾದ ಮಕ್ಕಳಿಗೆ ಮಿಷನ್‌ಗಳು ಅನಾಥಾಲಯ ತೆರೆದವು. ಅನ್ನ, ಅಕ್ಷರ, ಪ್ರಾರ್ಥನೆ ಮೂರೂ ಒಂದೇ ಸೂರಿನಡಿ ಸಿಕ್ಕವು.

ಈಗಿನ ತರಗತಿಯೊಳಗೆ ಹೋಗೋಣ. ಮೊದಲ ಪಾಠ ಶಿಲುಬೆಯ ಗುರುತು. ಬಲಗೈಯನ್ನು ಹಣೆಗೆ, ಎದೆಗೆ, ಎಡ ಭುಜಕ್ಕೆ, ಬಲ ಭುಜಕ್ಕೆ ಮುಟ್ಟಿಸಬೇಕು. ನೋಡಲು ಸುಲಭ. ಆದರೆ ಟೀಚರ್ ಎದುರಿಗೆ ನಿಂತು ಬಲಗೈ ಎತ್ತಿದರೆ ಐದು ವರ್ಷದ ಮಕ್ಕಳೆಲ್ಲ ಎಡಗೈ ಎತ್ತುತ್ತಾರೆ, ಕನ್ನಡಿ ನೋಡಿದ ಹಾಗೆ. ಅನುಭವಿಗಳು ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತಾರೆ, ಇಲ್ಲವೇ ತಾವೇ ಎಡಗೈಯಲ್ಲಿ ಮಾಡಿ ತೋರಿಸುತ್ತಾರೆ. ಇದನ್ನು ಯಾವ ಕೈಪಿಡಿಯಿಂದಲೂ ಕಲಿಯಲಾಗದು, ಒಬ್ಬ ಉಪದೇಶಿಯನ್ನು ನೋಡಿ ಇನ್ನೊಬ್ಬರು ಕಲಿಯಬೇಕು. ಆಮೇಲೆ ಪರಲೋಕ ಮಂತ್ರ, ನಮೋ ಮರಿಯ, ಹತ್ತು ಕಟ್ಟಳೆಗಳು. ಸಂಡೇ ಸ್ಕೂಲಿನಲ್ಲಾದರೆ ವಾರಕ್ಕೊಂದು ಬಾಯಿಪಾಠ ವಾಕ್ಯ, ಅಭಿನಯದ ಹಾಡು, ಬೇಸಿಗೆ ರಜೆಯಲ್ಲಿ ವಿ.ಬಿ.ಎಸ್. ಎಂಬ ಬೈಬಲ್ ಶಿಬಿರ. ಬಾಯಿಪಾಠವನ್ನು ಈಗ ಹಳೆಯ ಪದ್ಧತಿ ಎಂದು ತಳ್ಳಿಹಾಕುವವರು ಹೆಚ್ಚು. ನನ್ನ ಅಭಿಪ್ರಾಯ ಬೇರೆ. ಮನೆಯಲ್ಲಿ ಪುಸ್ತಕದ ಕಪಾಟಿಲ್ಲದ ಮಗುವಿಗೆ ನಾಲಿಗೆಯ ಮೇಲಿರುವುದೇ ಸ್ವಂತದ್ದು. ಅಜ್ಜಿ ಕಾಯಿಲೆ ಬಿದ್ದಾಗ ಹಾಸಿಗೆಯ ಪಕ್ಕ ಕೂತು ಪ್ರಾರ್ಥನೆ ಹೇಳಲು ಅದು ಯಾರನ್ನೂ ಕಾಯಬೇಕಾಗಿಲ್ಲ. ಅರ್ಥವನ್ನು ವರ್ಷ ವರ್ಷವೂ ತುಂಬಿಕೊಳ್ಳಬಹುದು.

ಅರ್ಥ ತುಂಬಲು ಈ ಬಯಲುಸೀಮೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಯೇಸುವಿನ ಹಲವು ಕಥೆಗಳು ಒಣ ಬೇಸಾಯದ, ಕುರಿ ಮೇಯಿಸುವ ಜನರ ನಡುವೆ ಹೇಳಿದವು. ಬೀಜ ಬೇರೆ ಬೇರೆ ನೆಲದ ಮೇಲೆ ಬಿದ್ದ, ಬಿತ್ತುವವನ ಸಾಮತಿಯನ್ನು (ದೃಷ್ಟಾಂತ ಕಥೆಯನ್ನು) ನಗರದ ಮಗುವಿಗೆ ಚಿತ್ರ ಬರೆದು ತೋರಿಸಬೇಕು. ಮಧುಗಿರಿ ಕಡೆಯ ಮಗು ಕಡಲೆಕಾಯಿ ಬಿತ್ತನೆ ಕಂಡಿದೆ. ಮೊದಲ ಹದ ಮಳೆಗೆ ಬಿತ್ತಿ, ಆಮೇಲೆ ಮೋಡ ಕೈಕೊಟ್ಟು, ತೆಳು ಮಣ್ಣಿನ ಮೇಲೆ ಎದ್ದ ಸಸಿ ಮಧ್ಯಾಹ್ನದ ಬಿಸಿಲಿಗೆ ಬಾಡುವುದನ್ನು ಅದು ಕಣ್ಣಾರೆ ನೋಡಿದೆ. ಕಲ್ಲುನೆಲ ಯಾವುದು, ಮುಳ್ಳಿನ ಪೊದೆ ಯಾವುದು, ಒಳ್ಳೆಯ ನೆಲ ಯಾವುದು ಎಂದು ಟೀಚರಿಗೇ ಹೇಳಬಲ್ಲದು. ತೊಂಬತ್ತೊಂಬತ್ತು ಕುರಿ ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೋದವನ ಕಥೆಗೆ ಶಿರಾ, ಪಾವಗಡದ ಮಕ್ಕಳು ಕೇಳುವ ಮೊದಲ ಪ್ರಶ್ನೆಯೇ ಬೇರೆ: ಉಳಿದವನ್ನು ಯಾರ ಕೈಗೆ ಒಪ್ಪಿಸಿ ಹೋದ? ತೋಳ, ಚಿರತೆಯ ಭಯ ಗೊತ್ತಿರುವ ಊರಿನ ಪ್ರಶ್ನೆ ಅದು. ಆ ಪ್ರಶ್ನೆ ಹುಟ್ಟಿದ ಮೇಲೆಯೇ ಒಂದು ಕುರಿಗಾಗಿ ಆತ ಎಷ್ಟು ಪಣಕ್ಕೊಡ್ಡಿದ ಎನ್ನುವುದು ಮಗುವಿಗೆ ನಾಟುತ್ತದೆ. ಕ್ರಿಸ್ಮಸ್ ನಾಟಕದಲ್ಲಿ ಕುರುಬರ ಪಾತ್ರಕ್ಕೂ ಬಾಡಿಗೆ ವೇಷ ಬೇಕಾಗಿಲ್ಲ, ಹೆಗಲಿಗೆ ಕರಿ ಕಂಬಳಿ ಸಾಕು.

ಆದರೂ ಅಚ್ಚಾಗಿ ಬರುವ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಹಸಿರು ಹುಲ್ಲುಗಾವಲು, ಬಿಳಿ ಉಣ್ಣೆಯ ದಪ್ಪ ಕುರಿಗಳೇ ಹೆಚ್ಚು. ಹಾಗೆಂದು ಇಲ್ಲಿನ ನೆಲಕ್ಕೆ ಒಗ್ಗಿಸುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಕ್ಯಾಥೊಲಿಕ್ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಗೆ ಜನರ ಭಾಷೆಯನ್ನು ತೆರೆದಿಟ್ಟಿತು. 1967ರಲ್ಲಿ ಡಿ.ಎಸ್. ಅಮಲೋರ್‌ಪವದಾಸ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲೇ ಎನ್.ಬಿ.ಸಿ.ಎಲ್.ಸಿ. ಎಂಬ ರಾಷ್ಟ್ರೀಯ ಕೇಂದ್ರ ಎದ್ದಿತು. ಬೈಬಲ್, ಧರ್ಮೋಪದೇಶ, ಆರಾಧನೆ ಮೂರನ್ನೂ ಭಾರತದ ನೆಲಕ್ಕೆ ಒಗ್ಗಿಸುವುದು ಅದರ ಕೆಲಸ. ದೀಪ, ಆರತಿ, ಭಜನೆಗೆ ಚರ್ಚಿನಲ್ಲಿ ಜಾಗ ಸಿಕ್ಕಿದ್ದರ ಹಿಂದೆ ಆ ಕೇಂದ್ರದ ದುಡಿಮೆಯಿದೆ. ಅದಕ್ಕೂ ಒಂದು ಶತಮಾನ ಮುಂಚೆ, 1862ರಲ್ಲಿ, ಫರ್ಡಿನೆಂಡ್ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ ‘ಕಥಾಮಾಲೆ’ ಮಾಡಿದ್ದರು. ಆ ದಾರಿಯಲ್ಲಿ ಇನ್ನೂ ನಡೆಯಬೇಕಾದ್ದು ಬಹಳ ಉಳಿದಿದೆ. ಪಾವಗಡದಲ್ಲಿ ಮನೆಮಾತು ತೆಲುಗು ಆಗಿರುವ ಕುಟುಂಬಗಳು ಹಲವು. ಶಾಲೆಯಲ್ಲಿ ಕನ್ನಡ ಓದುವ, ಅಮ್ಮನೊಡನೆ ತೆಲುಗಿನಲ್ಲಿ ಜಗಳಾಡುವ ಮಗು ದೇವರೊಡನೆ ಯಾವ ಮಾತಿನಲ್ಲಿ ಮಾತಾಡಬೇಕು? ಎರಡರಲ್ಲೂ ಎನ್ನುವ ಉಪದೇಶಿಯೇ ಅಲ್ಲಿಗೆ ಸರಿ.

ಬಲಿಪೂಜೆಯ ಪವಿತ್ರ ಅಪ್ಪವನ್ನು ಮೊದಲ ಬಾರಿಗೆ ಸ್ವೀಕರಿಸುವ ಪ್ರಥಮ ಪರಮಪ್ರಸಾದ ಕ್ಯಾಥೊಲಿಕ್ ಮಗುವಿನ ದೊಡ್ಡ ಹಬ್ಬ. 1910ರವರೆಗೆ ಹತ್ತು, ಹನ್ನೆರಡು ವರ್ಷ ದಾಟುವವರೆಗೆ ಕಾಯಿಸುತ್ತಿದ್ದರು. ಹತ್ತನೇ ಪಿಯೂಸ್ ಪೋಪ್ ಆ ವರ್ಷ ಅದನ್ನು ಬದಲಿಸಿ, ತಿಳಿವಳಿಕೆ ಬರುವ ಸುಮಾರು ಏಳನೆಯ ವಯಸ್ಸು ಸಾಕೆಂದರು. ನಮ್ಮಲ್ಲಿ ಸಾಮಾನ್ಯವಾಗಿ ಮೂರು, ನಾಲ್ಕನೇ ತರಗತಿಯ ಮಕ್ಕಳನ್ನು ಸಿದ್ಧಪಡಿಸುತ್ತಾರೆ. ಅದಕ್ಕೆ ಮುಂಚೆ ಮೊದಲ ಪಾಪನಿವೇದನೆ. ಪಕ್ಕದ ಹೊಲದ ಹುಣಸೆ ಕಿತ್ತದ್ದು, ತಂಗಿಗೆ ಹೊಡೆದದ್ದು, ಪರೀಕ್ಷೆಯ ಅಂಕ ಮುಚ್ಚಿಟ್ಟದ್ದು, ಇವನ್ನು ಹೆದರದೆ ಹೇಳಿ, ಕ್ಷಮೆಯಿದೆ ಎಂದು ನಂಬಿ ಎದ್ದು ಬರುವುದನ್ನು ಎಂಟು ವರ್ಷದ ಮಗುವಿಗೆ ಕಲಿಸಬೇಕು. ಭಯವನ್ನು ಹಾಕದೆ ತಪ್ಪಿನ ಅರಿವನ್ನು ಮಾತ್ರ ಹುಟ್ಟಿಸುವುದು ಧರ್ಮೋಪದೇಶದ ಅತಿ ಕಷ್ಟದ ಪಾಠ. ಇಲ್ಲಿ ಎಡವಿದ ಉಪದೇಶಿ ಮಗುವಿನ ಮನಸ್ಸಿನಲ್ಲಿ ದೇವರನ್ನು ಪೊಲೀಸನನ್ನಾಗಿ ಕೂರಿಸಿಬಿಡಬಹುದು. ಇನ್ನೂ ಪವಿತ್ರೀಕರಿಸದ ಸಾದಾ ಅಪ್ಪಗಳನ್ನು ಕೊಟ್ಟು ಸ್ವೀಕರಿಸುವ ರೀತಿಯನ್ನೂ ಅಭ್ಯಾಸ ಮಾಡಿಸುತ್ತಾರೆ. ಮಕ್ಕಳಿಗೆ ಅದು ಬಹಳ ಇಷ್ಟದ ದಿನ.

ಹೈಸ್ಕೂಲಿಗೆ ಬರುವ ಹೊತ್ತಿಗೆ ಚಿತ್ರ ಬದಲಾಗುತ್ತದೆ. ಧರ್ಮಾಧ್ಯಕ್ಷರು ಬಂದು ಹಣೆಗೆ ತೈಲ ಹಚ್ಚಿ ನೀಡುವ ದೃಢೀಕರಣ ಸಂಸ್ಕಾರಕ್ಕೆ ಸಿದ್ಧತೆ ನಡೆಯುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಎಸ್ಸೆಸ್ಸೆಲ್ಸಿ ಟ್ಯೂಷನ್ ಭಾನುವಾರವನ್ನು ನುಂಗುವುದೂ ಇದೇ ವಯಸ್ಸಿನಲ್ಲಿ. ಹಾಸ್ಟೆಲ್ ಸೇರಿದವರು, ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಕೆಲಸಕ್ಕೆ ಹೋದವರು ಹಾಜರಿಯಿಂದ ಕಳಚಿಕೊಳ್ಳುತ್ತಾರೆ. ಉಳಿದವರು ಪ್ರಶ್ನೆ ತರುತ್ತಾರೆ. ವಿಜ್ಞಾನದ ಪುಸ್ತಕದಲ್ಲಿ ವಿಕಾಸವಾದ, ಆದಿಕಾಂಡದಲ್ಲಿ ಆರು ದಿನದ ಸೃಷ್ಟಿ, ಯಾವುದು ನಿಜ? ಗೆಳತಿಯ ಮನೆಯ ಹಬ್ಬದೂಟಕ್ಕೆ ಹೋಗಬಹುದೇ? ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ, ಶಿರಾದ ಮಸೀದಿ ದರ್ಗಾಗಳ ನಡುವೆ ಬೆಳೆಯುವ ಮಕ್ಕಳಿಗೆ ಇದು ದಿನನಿತ್ಯದ ಪ್ರಶ್ನೆ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು 1965ರಲ್ಲೇ ವ್ಯಾಟಿಕನ್ ಮಹಾಸಭೆ ಘೋಷಿಸಿದ್ದನ್ನು ಪ್ರತಿಯೊಬ್ಬ ಹದಿಹರೆಯದವನಿಗೂ ತಿಳಿಸಲೇಬೇಕು. ಅದು ತಿಳಿಯದೆ ಮುಗಿದ ಧರ್ಮೋಪದೇಶ ಅರ್ಧ ಮುಗಿದಂತೆ. ಸೃಷ್ಟಿಯ ಪಾಲನೆಯ ಬಗ್ಗೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ‘ಲೌದಾತೊ ಸಿ’ ಪತ್ರವನ್ನು ಓದಲು ಪಾವಗಡಕ್ಕಿಂತ ತಕ್ಕ ತರಗತಿ ಬೇರೆಯಿಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು, ತಿರುಮಣಿ ಸುತ್ತ 13,000 ಎಕರೆಯಲ್ಲಿ ಹರಡಿದ ಸೋಲಾರ್ ಪಾರ್ಕ್ ಎರಡನ್ನೂ ಅಲ್ಲಿನ ಮಕ್ಕಳು ದಿನವೂ ನೋಡುತ್ತಾರೆ.

2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಯ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಗಳಲ್ಲಿ ಒಂದೆಂದು ಸ್ಥಾಪಿಸಿದರು. ಸ್ತ್ರೀಪುರುಷರಿಬ್ಬರಿಗೂ ಅದು ತೆರೆದಿದೆ. ಗೌರವ ಬಂತು, ಸಂತೋಷ. ಇನ್ನು ಬೇಕಾದದ್ದು ತರಬೇತಿ, ಅದೂ ಬೆಂಗಳೂರಿಗೆ ಕರೆಸಿಕೊಳ್ಳದೆ ಮಧುಗಿರಿಯಲ್ಲೋ ಶಿರಾದಲ್ಲೋ ನಡೆಸುವ ತರಬೇತಿ, ಬಸ್ ಚಾರ್ಜು, ಈ ಸೀಮೆಯ ಬೆಳೆ, ಕುರಿ, ಕೆರೆ ಇರುವ ಕನ್ನಡ ಪುಸ್ತಕ. ದೃಢೀಕರಣ ಮುಗಿಸಿದ ಪಿಯುಸಿ ಹುಡುಗ ಹುಡುಗಿಯರನ್ನು ಚಿಕ್ಕ ಮಕ್ಕಳ ತರಗತಿಗೆ ಸಹಾಯಕ್ಕೆ ಕೂರಿಸಿಕೊಳ್ಳುವ ಪದ್ಧತಿಯನ್ನು ಇಲ್ಲಿ ಗಟ್ಟಿ ಮಾಡಬೇಕು. ತುಮಕೂರಿನ ಕಾಲೇಜಿಗೆ ಸೇರಿದವರು ರಜೆಗೆ ಊರಿಗೆ ಬಂದಾಗಲಾದರೂ ಒಂದು ಭಾನುವಾರದ ಪಾಠ ತೆಗೆದುಕೊಳ್ಳಲಿ. ಗುರುಗಳು ಬೇರೆ ಹಳ್ಳಿಯ ಪೂಜೆಗೆ ಹೋದ ದಿನವೂ ತರಗತಿ ನಡೆಯಬೇಕಲ್ಲ.